ಮಕ್ಕಳು ನಡೆಯುವ ದಾರಿಗೆ ದುಡ್ಡು: ಯಾರನ್ನು, ಯಾವಾಗ, ಹೇಗೆ ಕೇಳಬೇಕು?

ಶಾಲೆ ಮನೆಯಿಂದ ಅರ್ಧ ಕಿಲೋಮೀಟರ್. ಆದರೂ ಮಗುವನ್ನು ಸ್ಕೂಟರ್‌ನಲ್ಲೇ ಬಿಟ್ಟು ಬರುತ್ತೇವೆ. ಸಂಜೆ ಆಡಲು ಕಳಿಸುವುದಕ್ಕೂ ಭಯ. ಯಾರನ್ನು ಕೇಳಿದರೂ ‘ರಸ್ತೆ ಸರಿ ಇಲ್ಲ, ಹೇಗೆ ಕಳಿಸೋದು?’ ಅಂತಲೇ ಹೇಳುತ್ತಾರೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಡಾಡಲು ದಾರಿಯೇ ಇಲ್ಲದಿದ್ದರೆ ಮಕ್ಕಳು ಎಲ್ಲಿ ಹೋಗಬೇಕು?

ದಾರಿ ಮಾಡಿಸಲು ದುಡ್ಡಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ದುಡ್ಡು ನಾಲ್ಕು ಕಡೆ ಹಂಚಿಕೊಂಡಿದೆ. ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಮಕ್ಕಳ ಜೊತೆ ನಡೆಯಿರಿ

ಒಂದು ಟೇಪು, ಒಂದು ಸೀಮೆಸುಣ್ಣ, ಫೋನು ಸಾಕು. ನಮ್ಮ ಬಡಾವಣೆಯಲ್ಲಿ ಒಂದು ಭಾನುವಾರ ಹೀಗೆ ಹೊರಟಿದ್ದೆವು. ಎಂಟು ವರ್ಷದ ಹುಡುಗಿಯೊಬ್ಬಳು ಚರಂಡಿಯ ಎರಡು ಚಪ್ಪಡಿಗಳ ಸಂದಿಯಲ್ಲಿ ಕಾಲಿಟ್ಟು ತೋರಿಸಿದಳು. ಚಪ್ಪಲಿ ಸಮೇತ ಪಾದ ಒಳಗೆ ಇಳಿಯಿತು. ಅದೇ ಸಂದಿಯನ್ನು ನಾವು ದೊಡ್ಡವರು ವರ್ಷಗಳಿಂದ ದಾಟುತ್ತಿದ್ದೆವು. ನಮ್ಮ ಕಾಲು ದೊಡ್ಡದು, ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹಾಗಾಗಿ ಕಣ್ಣಿಗೆ ಬಿದ್ದಿರಲೇ ಇಲ್ಲ. ಅವಳು ಅಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಬರೆದಳು. ಶಾಲೆ ಮುಟ್ಟುವಷ್ಟರಲ್ಲಿ ಹದಿನೇಳು ವೃತ್ತ ಆಗಿದ್ದವು.

ಅಳತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ) ಮಾರ್ಗಸೂಚಿ ಹಿಡಿದುಕೊಳ್ಳಿ. ಬಡಾವಣೆಯ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಹತ್ತಿರಹತ್ತಿರ ಆರು ಅಡಿ ಜಾಗ ಅಡ್ಡಿಯಿಲ್ಲದೆ ಸಿಗಬೇಕು. ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ದಾಟಬಾರದು. ‘ಫುಟ್‌ಪಾತ್ ಕೆಟ್ಟಿದೆ’ ಎಂದು ಬರೆದ ಮನವಿ ಕಡತದಲ್ಲೇ ಉಳಿಯುತ್ತದೆ. ‘ಇಷ್ಟನೇ ಅಡ್ಡರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ 60 ಸೆಂಟಿಮೀಟರ್ ಮಾತ್ರ ಉಳಿದಿದೆ, ಫೋಟೊ ಲಗತ್ತಿಸಿದೆ’ ಅಂತ ಬರೆದರೆ ಎಂಜಿನಿಯರ್ ಎದ್ದು ಬಂದು ನೋಡಲೇಬೇಕಾಗುತ್ತದೆ.

ಜಾಗ ಯಾರದ್ದು?

ಬೀದಿ, ಪಾರ್ಕು, ಕೆರೆ ಏರಿ, ರಾಜಕಾಲುವೆ ಬದಿ, ಹೀಗೆ ಒಂದೊಂದಕ್ಕೂ ಒಡೆತನ ಬೇರೆ ಇರಬಹುದು. ಒಡೆತನ ಗೊತ್ತಿಲ್ಲದೆ ಯಾರೂ ಹಣ ಕೊಡುವುದಿಲ್ಲ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಇದನ್ನು ಮರೆತು ಉದ್ದುದ್ದ ಬರೆದರೆ ಸುಮ್ನೆ ವಾಪಸ್ ಬರುತ್ತದೆ.

ಈಗ ದುಡ್ಡಿನ ವಿಷಯ

ಮೊದಲನೆಯದು ಪಾಲಿಕೆ ಅಥವಾ ಪುರಸಭೆಯ ಬಜೆಟ್. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಹಾಗಾಗಿ ಮಾರ್ಚ್‌ನಲ್ಲಿ ಮನವಿ ಕೊಟ್ಟರೆ ತಡವಾಯಿತು. ಡಿಸೆಂಬರ್‌ ಒಳಗೆ ಕೊಡಿ. ಇನ್‌ವರ್ಡ್ ನಂಬರ್ ಮತ್ತು ಸೀಲು ಇರುವ ಪ್ರತಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಬರಬೇಡಿ. ನಂತರ ವಾರ್ಡ್ ಎಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿಸಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಲೆಯ ಕಾಗದ ಇದೇ. ಕೈಯಲ್ಲಿ ಒಂದು ಮೊತ್ತ ಇದ್ದರೆ ಮಿಕ್ಕವರನ್ನು ಕೇಳುವುದು ಸುಲಭ.

ಎರಡನೆಯದು ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ. ಅವರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದಿಂದ ಬರುತ್ತದೆ. ಇಡೀ ಕ್ಷೇತ್ರಕ್ಕೆ ಹಂಚಬೇಕಾದ ಹಣ ಅದು. ಹಾಗಾಗಿ ಎಲ್ಲ ಬೀದಿಗಳನ್ನೂ ಕೇಳಬೇಡಿ. ಶಾಲೆಯಿಂದ ಪಾರ್ಕಿನವರೆಗಿನ ಒಂದು ತುಂಡು ಕೇಳಿ. ಇದು ಹೊಸದಾಗಿ ಕಟ್ಟುವುದಕ್ಕೆ ಸಿಗುವ ದುಡ್ಡು. ಕಸ ಗುಡಿಸುವುದಕ್ಕೆ, ಬಲ್ಬು ಬದಲಿಸುವುದಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಲೂ ಕಾಯ್ದೆ ಹೇಳುತ್ತದೆ. ನಿಮ್ಮ ಹತ್ತಿರದ ಕಾರ್ಖಾನೆ, ಐಟಿ ಕಂಪನಿಯನ್ನು ಕೇಳಲು ಇದೇ ಆಧಾರ. ಆದರೆ ನಿವಾಸಿಗಳ ಸಂಘ ಎಡವುವುದೂ ಇಲ್ಲೇ. ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಎಂಬ ನಮೂನೆ ಸಲ್ಲಿಸಿ ನೋಂದಣಿ ಆಗಿರಬೇಕು. ಸಂಸ್ಥೆಗೂ ದಾನಿಗೂ ತೆರಿಗೆ ವಿನಾಯಿತಿ ಕೊಡುವ, 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ಇಲಾಖೆಯ ನೋಂದಣಿಯೂ ಸಾಮಾನ್ಯವಾಗಿ ಬೇಕು. ಇವಿಲ್ಲದಿದ್ದರೆ ಇರುವ ಟ್ರಸ್ಟ್ ಒಂದರ ಜೊತೆ ಸೇರಿಕೊಳ್ಳಿ. ಜಾಗದ ಒಡೆಯರ ಒಪ್ಪಿಗೆ ಪತ್ರವನ್ನೂ ಮೊದಲೇ ತೆಗೆದುಕೊಂಡಿರಿ.

ನಾಲ್ಕನೆಯದು ಕೇಂದ್ರದ ಸ್ಪರ್ಧಾತ್ಮಕ ಯೋಜನೆಗಳು. ಹುಬ್ಬಳ್ಳಿಯ ಉಣಕಲ್ ನಾಲೆಯ ಬದಿಯಲ್ಲಿ ನಡೆಯಲು, ಸೈಕಲ್ ಹೊಡೆಯಲು ದಾರಿ ಮಾಡುವ ಯೋಜನೆಗೆ ಹಣ ಬಂದದ್ದು ಹೀಗೆಯೇ. 2018ರಲ್ಲಿ ಶುರುವಾದ ‘ಸಿಟೀಸ್’ ಕಾರ್ಯಕ್ರಮದಲ್ಲಿ ಅದು ಆಯ್ಕೆಯಾಯಿತು. ಆ ಕಾರ್ಯಕ್ರಮಕ್ಕೆ ಫ್ರಾನ್ಸ್‌ನ ಅಭಿವೃದ್ಧಿ ಸಂಸ್ಥೆಯ ಸಾಲ, ಯುರೋಪಿಯನ್ ಒಕ್ಕೂಟದ ನೆರವು ಇತ್ತು. ಇಂಥದ್ದಕ್ಕೆ ನಗರದ ಕಡೆಯಿಂದಲೇ ಪ್ರಸ್ತಾವ ಹೋಗಬೇಕು, ಬಡಾವಣೆಯವರು ಹಾಕಲಾಗದು.

ಆಮೇಲೆ ನೋಡಿಕೊಳ್ಳುವವರು ಯಾರು?

ಮನವಿಯಲ್ಲೇ ಇದಕ್ಕೆ ಉತ್ತರ ಬರೆಯಿರಿ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿ. ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. ಮರುವರ್ಷ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯನ್ನು ತಾವೇ ವಹಿಸಿಕೊಂಡರು. ಬಡಾವಣೆಯ ಮನೆಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಿದರೂ ಗುಡಿಸುವವರ ಕೂಲಿಗೆ, ಹೊಂಗೆ ಸಸಿಗಳ ನೀರಿಗೆ ಒಂದು ಆಸರೆ ಆಗುತ್ತದೆ. ಕೂಲಿ ಮಾತ್ರ ಕಡಿಮೆ ಮಾಡಬೇಡಿ. ನಮ್ಮ ಮಕ್ಕಳ ದಾರಿ ಗುಡಿಸುವವರಿಗೂ ಮಕ್ಕಳಿದ್ದಾರೆ ಅಲ್ವಾ.

ಕೆಲಸ ಶುರುವಾದ ಮೇಲೆ ವರ್ಕ್ ಆರ್ಡರ್‌ನ ಪ್ರತಿ ಕೇಳಿ ಇಟ್ಟುಕೊಳ್ಳಿ. ದೋಷ ಕಂಡರೆ ಗುತ್ತಿಗೆದಾರರು ಎಷ್ಟು ಕಾಲ ಸರಿಪಡಿಸಿ ಕೊಡಬೇಕು ಎಂಬುದನ್ನು ಕಾಗದಪತ್ರದಲ್ಲಿ ನೋಡಿಕೊಳ್ಳಿ. ಕೊನೆಯ ಬಿಲ್ ಪಾಸಾಗುವ ಮುಂಚೆ ಅದೇ ಟೇಪು ಹಿಡಿದು, ಅದೇ ಮಕ್ಕಳನ್ನು ಕರೆದುಕೊಂಡು ಇನ್ನೊಮ್ಮೆ ನಡೆಯಿರಿ. ಸಂದಿ ಮುಚ್ಚಿದೆಯೋ ಇಲ್ಲವೋ ಅಂತ ಆ ಹುಡುಗಿಯೇ ಕಾಲಿಟ್ಟು ನೋಡಲಿ.