ಸಂಘಕ್ಕೆ ಮೊದಲ ಬ್ಯಾಂಕ್ ಸಾಲ: ಜಾಮೀನು ನಿಮ್ಮ ಪುಸ್ತಕದಲ್ಲೇ ಇದೆ

ಮಹಿಳಾ ಸ್ವಸಹಾಯ ಸಂಘವೊಂದು ಹೈನುಗಾರಿಕೆಗೋ ಹಪ್ಪಳ-ಸಂಡಿಗೆ ತಯಾರಿಕೆಗೋ ಸಾಲ ಕೇಳಲು ಹೊರಟಾಗ ಸದಸ್ಯೆಯರು ಲಾಭದ ಲೆಕ್ಕ ಹೇಳಲು ಸಿದ್ಧರಾಗಿ ಹೋಗುತ್ತಾರೆ. ಬ್ಯಾಂಕಿನವರು ಮೊದಲು ಕೇಳುವುದು ಮಾತ್ರ ಸಂಘದ ಪುಸ್ತಕಗಳನ್ನು. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಂಘಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡವು ಕೇಳುವಂತಿಲ್ಲವಾದ್ದರಿಂದ, ನಂಬಲು ಅವರಿಗೆ ಉಳಿಯುವ ಆಧಾರ ಅದೊಂದೇ. ಕರ್ನಾಟಕದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಗುಂಪುಗಳ ಅನುಭವವನ್ನೂ ಗಮನಿಸಿಯೇ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು.

ಮೊದಲು ಪಂಚಸೂತ್ರವನ್ನು ರೂಢಿಸಿಕೊಳ್ಳಿ: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ (ಉಳಿತಾಯದ ಹಣದಿಂದ ಸದಸ್ಯೆಯರಿಗೇ ಕೊಡುವ ಸಾಲ), ಮರುಪಾವತಿ, ಪುಸ್ತಕ ನಿರ್ವಹಣೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್ ಅಡಿಯ ಸಾಲಕ್ಕೆ ಸಂಘ ಕನಿಷ್ಠ 6 ತಿಂಗಳಿಂದ ಸಕ್ರಿಯವಾಗಿರಬೇಕು. ಆ ಅವಧಿಯನ್ನು ಎಣಿಸುವುದು ಬ್ಯಾಂಕ್ ಖಾತೆ ತೆರೆದ ದಿನದಿಂದಲ್ಲ, ಸಂಘದ ಲೆಕ್ಕಪುಸ್ತಕದ ಪ್ರಕಾರ.

ನಡಾವಳಿಯನ್ನು ಸಭೆಯಲ್ಲಿ ಕುಳಿತೇ ಬರೆಯಿರಿ. ಆರು ತಿಂಗಳ ನಡಾವಳಿ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಸಹಿಗಳೆಲ್ಲ ಒಂದೇ ಕೈಯವೆಂಬಂತೆ ಕಂಡರೆ ಎದುರಿಗೆ ಕುಳಿತವರಿಗೆ ವಿಷಯ ತಿಳಿಯಲು ಎರಡು ನಿಮಿಷ ಸಾಕು. ತಪ್ಪಾದ ಅಂಕಿಯನ್ನು ಉಜ್ಜಿ ಅಳಿಸದೆ, ಅಡ್ಡಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು ಸಹಿ ಹಾಕಿ. ಕಂತು ತಪ್ಪಿದ್ದರೆ ಮುಚ್ಚಿಡಬೇಡಿ: ಹಸು ಸತ್ತಿದ್ದರಿಂದ ಎರಡು ಕಂತು ನಿಂತಿತು, ಸಭೆ ಗಡುವು ಕೊಟ್ಟಿತು, ಇಂಥ ದಿನ ಹಣ ಬಂತು ಎಂಬ ಮೂರು ಸಾಲು, ನನ್ನ ಮಟ್ಟಿಗೆ, ಕಲೆಯೇ ಇಲ್ಲದ ಪುಸ್ತಕಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಬಳಿಕ ನಗದು ಪುಸ್ತಕ, ಸದಸ್ಯೆಯರ ಪಾಸ್‌ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಪುಸ್ತಕಗಳನ್ನು ತಾಳೆ ನೋಡಿ. ಮಿಷನ್ ನಿಯಮದಲ್ಲಿ ಮೊದಲ ಸಾಲ ಸಂಘದ ಮೂಲನಿಧಿಯ (ಉಳಿತಾಯ ಮುಂತಾದವುಗಳಿಂದ ಸಂಘದಲ್ಲಿ ಕೂಡಿದ ಸ್ವಂತ ಹಣದ) 6 ಪಟ್ಟು ಅಥವಾ 1.5 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದು. 15 ಮಂದಿ ವಾರಕ್ಕೆ 50 ರೂಪಾಯಿಯಂತೆ 40 ವಾರ ಉಳಿಸಿದರೆ ನಿಧಿ 30,000, ಅರ್ಹತೆ 1.8 ಲಕ್ಷ. ಬರೆಯದೆ ಬಿಟ್ಟ ಪ್ರತಿ ನೂರು ರೂಪಾಯಿಗೆ ಇಲ್ಲಿ ಆರುನೂರು ಕೈತಪ್ಪುತ್ತದೆ.

ಕೊನೆಗೆ ಸಾಲದ ಮೊತ್ತ, ಉದ್ದೇಶ, ಯಾರಿಗೆ ಎಷ್ಟು ಎಂಬುದನ್ನು ಠರಾವಿನಲ್ಲಿ ನಮೂದಿಸಿ, ಎಲ್ಲರ ಸಹಿಯೊಂದಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದನ್ನೂ ಮುಂದಿನ ಸಭೆಯ ನಡಾವಳಿಗೆ ಸೇರಿಸಿ.