ಹುಂಡಿ ಒಡೆದಾಗ 500 ಕಡಿಮೆ ಇತ್ತು

ಮಗಳಿಗೆ ಉಳಿತಾಯ ಕಲಿಸಬೇಕು ಅಂತ ಮಣ್ಣಿನ ಹುಂಡಿ ತಂದುಕೊಟ್ಟವನು ನಾನು. ಅದರಿಂದ ಮೊದಲು ಕದ್ದವನೂ ನಾನೇ. ಒಂದು ದಿನ ಅಂಗಡಿಗೆ ಸರಕು ಬಂದಾಗ ಕೈಯಲ್ಲಿ 500 ಕಡಿಮೆ ಬಿತ್ತು. ಹುಂಡಿ ತಲೆಕೆಳಗು ಮಾಡಿ, ಹೆಂಡತಿಯ ಕ್ರೋಶಾ ಕಡ್ಡಿ ತೂರಿಸಿ ಒಂದೊಂದೇ ನೋಟು ಎಳೆದೆ. ನಾಳೆ ಹಾಕಿದರಾಯ್ತು ಅಂದುಕೊಂಡೆ. ಮರೆತೇಹೋಯಿತು.

ದೀಪಾವಳಿಗೆ ಒಡೆದರೆ ಒಳಗೆ 1,340. ಮಗಳು ಮಾತಾಡದೆ ಗೋಡೆಯ ಕ್ಯಾಲೆಂಡರ್ ತಂದು ತಿರುಗಿಸಿದಳು. ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ಯುಗಾದಿಗೆ ಅಜ್ಜಿ 100, ಗಣಪತಿ ಹಬ್ಬಕ್ಕೆ ಮಾವ 200... ಒಟ್ಟು 1,840. ಆಗ ಅವಳಿಗೆ ಒಂಬತ್ತು ವರ್ಷ. 500 ವಾಪಸ್ ಕೊಟ್ಟೆ, ಆದರೂ ತಿಂಗಳುಗಟ್ಟಲೆ ಹುಂಡಿಯ ಮಾತೇ ಎತ್ತಲಿಲ್ಲ.

ಮತ್ತೆ ಶುರುವಾಗಿದ್ದು ಪಿಗ್ಮಿಯಿಂದ, ಅಂದರೆ ದಿನದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯದಿಂದ. ನಮ್ಮ ಅಂಗಡಿಗೆ ಸಂಜೆ ಪಿಗ್ಮಿಯವರು ಬರುತ್ತಾರೆ. ನಾನು 100 ಕೊಡುತ್ತೇನೆ, ಅವರು ಚೀಟಿ ಕೊಡುತ್ತಾರೆ. "ದಿನಾ ಅವರಿಗ್ಯಾಕೆ ದುಡ್ಡು ಕೊಡ್ತೀಯ?" ಅಂತ ಕೇಳಿದಳು. ಇದು ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಲ್ಲಿ, ಆಗ ದಿನಕ್ಕೆ ಎರಡಾಣೆ ಕಟ್ಟುತ್ತಿದ್ದರು ಅಂದೆ. ಅದೆಲ್ಲ ಅವಳಿಗೆ ಬೇಕಿರಲಿಲ್ಲ. ಚೀಟಿ ಬೇಕಿತ್ತು. "ನಂಗೂ ಹಂಗೇ ಬರ್ಕೊಡು."

ಒಂದು ನೋಟ್‌ಬುಕ್ ಇಟ್ಟೆವು. ಅವಳು ಕೊಟ್ಟಷ್ಟನ್ನು ಬರೆದು ನಾನು ಸಹಿ ಹಾಕಬೇಕು. ತಿಂಗಳ ಕೊನೆಗೆ ಪ್ರತಿ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಯಾವ ಬ್ಯಾಂಕೂ ಇಷ್ಟು ಕೊಡಲ್ಲ, ಗೊತ್ತು. ಆದರೆ ನಾಲ್ಕು ಪರ್ಸೆಂಟಿಗೆ ವರ್ಷವಿಡೀ ಕಾಯೋ ತಾಳ್ಮೆ ಮಕ್ಕಳಿಗೆ ಎಲ್ಲಿಂದ ಬರಬೇಕು? ನೂರು ತುಂಬದ ಚಿಲ್ಲರೆಗೆ ಮಾತ್ರ ಬಡ್ಡಿ ಇಲ್ಲ ಅಂದಿದ್ದೆ. ನಿಜ ಹೇಳಬೇಕಂದ್ರೆ ಲೆಕ್ಕ ಸುಲಭ ಆಗಲಿ ಅಂತ ಮಾಡಿದ್ದು. ಒಂದು ತಿಂಗಳು 292ಕ್ಕೆ ನಿಂತಿತ್ತು. ಕೊನೆ ದಿನ ಪಾನಿಪುರಿ ಗಾಡಿ ಮುಂದೆ ಹಾದು ಬಂದವಳು, ಬೆವರಿದ ಕೈಯಿಂದ ಹತ್ತರ ನೋಟು ಗಲ್ಲಾಪೆಟ್ಟಿಗೆ ಮೇಲಿಟ್ಟಳು. "302 ಬರಿ." ನಾನು ಯಾವತ್ತೂ ಪಾನಿಪುರಿ ತಿನ್ನಬೇಡ ಅಂದವನಲ್ಲ.

ಹತ್ತು ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಲ್ಲೇ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಖಾತೆ, ತೆರೆಯಬಹುದು. 2024ರಲ್ಲಿ ಮಾಡಿಸಿದೆ. ತಿಂಗಳಿಗೆ 100, ಐದು ವರ್ಷ, ಬಡ್ಡಿ 6.7 ಪರ್ಸೆಂಟ್. ಕಟ್ಟೋದು 6,000, ಕೈಗೆ ಬರೋದು ಸುಮಾರು 7,130. ಫಾರಂ ಮೇಲೆ ಸಹಿ ಹಾಕಲು ಹಿಂದಿನ ರಾತ್ರಿ ಅರ್ಧ ಹಾಳೆ ಅಭ್ಯಾಸ ಮಾಡಿದ್ದಳು. "ನೀನೇ ಜಾಸ್ತಿ ಬಡ್ಡಿ ಕೊಡ್ತೀಯಲ್ಲ, ಇದ್ಯಾಕೆ?" ಅಂತ ಕೇಳಿದಳು. "ನಾನು ಹುಂಡಿಗೆ ಕಡ್ಡಿ ಹಾಕೋನು, ನಂಬಬೇಡ" ಅಂದೆ. ಆಗ ನಕ್ಕಳು, ಮೊದಲ ಸಲ.

ಒಂದು ತಿಂಗಳು ನನ್ನ ಸೋಮಾರಿತನದಿಂದ ಕಂತು ತಪ್ಪಿತು. ನೂರಕ್ಕೆ ಒಂದು ರೂಪಾಯಿ ದಂಡ. ಅದನ್ನು ನನ್ನಿಂದಲೇ ವಸೂಲಿ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಸ್ನೇಹಿತರು ಮ್ಯೂಚುವಲ್ ಫಂಡ್ ಮಾಡಿಸು ಅಂತಾರೆ. ಅವಳ ಹೆಸರಲ್ಲಿ ಮಾಡಿಸಿದರೂ 18 ತುಂಬೋವರೆಗೆ ನಡೆಸೋದು ನಾನೇ ಅಲ್ವಾ? ಫೋನಿನಲ್ಲಿ ಅಂಕಿ ಏರಿಳಿಯೋದು ನೋಡಿ ಅವಳೇನು ಕಲಿತಾಳು? ಇನ್ನೆರಡು ವರ್ಷ ಹೋಗಲಿ ಅಂತ ಸುಮ್ನಿದ್ದೇನೆ.

ಈಚೆಗೆ ಸೈಕಲ್ ಬೇಕು ಅಂದಳು. ಒಂದು ವರ್ಷ, 12 ಕಂತು ಆದ ಮೇಲೆ ಆರ್‌ಡಿಯಲ್ಲಿರುವ ಅರ್ಧ ದುಡ್ಡು ಸಾಲವಾಗಿ ಸಿಗುತ್ತೆ, ಆರ್‌ಡಿ ಬಡ್ಡಿಗಿಂತ ಎರಡು ಪರ್ಸೆಂಟ್ ಜಾಸ್ತಿ ಕಟ್ಟಬೇಕು, ಉಳಿದದ್ದು ನಾನು ಹಾಕ್ತೀನಿ ಅಂದೆ. ಪಾಸ್‌ಬುಕ್ ತಿರುವಿ ಹಾಕಿದಳು.

"ನನ್ನ ದುಡ್ಡಿಗೆ ನಾನೇ ಬಡ್ಡಿ ಕಟ್ಬೇಕಾ?"

ಈಗ ಬಿಸ್ಕತ್ತಿನ ಡಬ್ಬಕ್ಕೆ ಪುಟ್ಟ ಬೀಗ ಹಾಕಿ ಸೈಕಲ್ಲಿಗೆ ಬೇರೆ ಕೂಡಿಡುತ್ತಿದ್ದಾಳೆ. ಬೀಗದಕೈ ಅಜ್ಜಿಯ ಹತ್ತಿರ ಇದೆ.