ಮೀನಿನ ತೊಟ್ಟಿಗೆ ಸೀಬೆ ಬುಡ ಇಳಿಸುವ ಮುನ್ನ

ಹೊಸದುರ್ಗದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಒಂದು ಸೀಬೆ ಮರ ಒಣಗಿ ನಿಂತಿತ್ತು. ಬುಡ ಅಗೆದರೆ ಬೇರುಗಳು ಜೇಡನ ಕಾಲಿನ ಹಾಗೆ ಹರಡಿಕೊಂಡಿದ್ದವು. "ಒಲೆಗೆ ಹಾಕೋದನ್ನ ಮೀನಿಗೆ ಹಾಕ್ತೀಯೇನೋ?" ಅಂತ ಚಿಕ್ಕಪ್ಪ ನಕ್ಕರು. ಈಗ ಅದು ಚಿತ್ರದುರ್ಗದ ನಮ್ಮ ಮನೆಯ ಎರಡಡಿ ಅಕ್ವೇರಿಯಂನಲ್ಲಿ ಅಲಂಕಾರವಾಗಿ ಕೂತಿದೆ.

ಮರ ಗಟ್ಟಿ ಜಾತಿಯದ್ದಾಗಿರಬೇಕು, ಪೂರ್ತಿ ಒಣಗಿರಬೇಕು. ನಾನು ಬಳಸಿರೋದು ಸೀಬೆ ಮತ್ತು ಹುಣಸೆ. ಉಗುರಿನಿಂದ ಒತ್ತಿದರೆ ತಗ್ಗು ಬೀಳಬಾರದು, ಮುರಿದರೆ ಒಳಗೆ ಹಸಿ ಕಾಣಬಾರದು. ಹಸಿ ಮರದ ರಸ ನೀರಲ್ಲಿ ಕೊಳೆಯುತ್ತದೆ. ಕಳ್ಳಿ, ಎಕ್ಕ, ಕಣಗಿಲೆ ಬೇಡವೇ ಬೇಡ, ವಿಷ. ಅಂಟು ಬಿಡುವ ಪೈನ್ ಹಲಗೆ, ನೀಲಗಿರಿ, ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್ ಕೂಡ ಬೇಡ. ಬೇವು ಒಳ್ಳೇದಲ್ವಾ ಅಂತ ಕೇಳುತ್ತಾರೆ. ಹುಳ ಕೊಲ್ಲುವ ಗುಣ ಇರುವ ಮರವನ್ನು ನಾನಂತೂ ಹಾಕೋದಿಲ್ಲ. ತೋಟದ ಮರವಾದರೆ ಔಷಧಿ ಹೊಡೆದಿದ್ದಾರಾ ಅಂತ ವಿಚಾರಿಸಿ. ಜೋಗಿಮಟ್ಟಿಯಲ್ಲಿ ಎಷ್ಟೇ ಚೆಂದದ ಕೊಂಬೆ ಕಂಡರೂ ಮುಟ್ಟಬೇಡಿ, ಅದು ವನ್ಯಧಾಮ.

ತೊಗಟೆಯನ್ನೆಲ್ಲ ಚಾಕುವಿನಿಂದ ಕೆರೆದು ತೆಗೆಯಿರಿ. ಮೆತ್ತಗಾದ ಜಾಗ ಇದ್ದರೆ ಗಟ್ಟಿ ಸಿಗುವ ತನಕ ಕೆತ್ತಿ. ಆಮೇಲೆ ಗಟ್ಟಿ ಬ್ರಷ್ಷು, ಬರೀ ನೀರು. ಸೋಪು, ಫಿನಾಯಿಲ್, ಬ್ಲೀಚು ಯಾವುದೂ ಬೇಡ. ಮರ ಅದನ್ನೆಲ್ಲ ಹೀರಿಕೊಂಡು ನಿಧಾನವಾಗಿ ತೊಟ್ಟಿಗೆ ಬಿಡುತ್ತದೆ.

ಇನ್ನು ಕುದಿಸೋದು. ನಾನು ಮೊದಲು ಕಣ್ಣು ಹಾಕಿದ್ದು ಬಚ್ಚಲ ತಾಮ್ರದ ಹಂಡೆ ಮೇಲೆ. ಅವ್ವ ಬಿಡಲಿಲ್ಲ, ಬಿಡದೇ ಇದ್ದದ್ದೇ ಒಳ್ಳೇದಾಯ್ತು. ತಾಮ್ರ ಚೂರೇ ನೀರಿಗೆ ಸೇರಿದರೂ ಬಸವನಹುಳು, ಸಿಗಡಿಗಳಿಗೆ ವಿಷ. ಇದು ಗೊತ್ತಿಲ್ಲದೆ ಹಿಂದೊಮ್ಮೆ ಹುಣಸೆ ಕೊಂಬೆಯನ್ನು ಕರೆಂಟ್ ವೈರಿನ ತಾಮ್ರದ ತಂತಿಯಲ್ಲಿ ಕಟ್ಟಿದ್ದೆ. ನಾಲ್ಕೇ ದಿನದಲ್ಲಿ ಬಸವನಹುಳುಗಳೆಲ್ಲ ಹೋದವು. ಅದಕ್ಕೇ ಈ ಸಲ ಹಳೇ ಸ್ಟೀಲ್ ಪಾತ್ರೆ, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ಒಂದರಿಂದ ಎರಡು ಗಂಟೆ ಕುದಿಸಿ. ಪಾತ್ರೆಯಲ್ಲಿ ಪೂರ್ತಿ ಮುಳುಗದಿದ್ದರೆ ತಿರುಗಿಸಿ ಹಾಕಿ ಇನ್ನೊಂದು ಸಲ ಕುದಿಸಿ. ಕುಕ್ಕರ್ ಮಾತ್ರ ಬಳಸಬೇಡಿ, ಚಕ್ಕೆ ಹೋಗಿ ವಿಷಲ್ ಕಟ್ಟಿಕೊಂಡರೆ ಕಷ್ಟ.

ನೀರು ಕಡಕ್ ಚಹಾದಂತೆ ಆಗುತ್ತದೆ. ಹೆದರಬೇಡಿ, ಅದು ಮರದ ಒಗರು, ಟ್ಯಾನಿನ್. ಮೀನಿಗೆ ತೊಂದರೆಯಿಲ್ಲ, ಫೈಟರ್ ಮೀನಿಗಂತೂ ಖುಷಿ. ಟ್ಯಾನಿನ್ ನೀರಿನ ಪಿಎಚ್ ಇಳಿಸುತ್ತದೆ, ಅಂದರೆ ನೀರನ್ನು ಆಮ್ಲದ ಕಡೆಗೆ ತಿರುಗಿಸುತ್ತದೆ ಅನ್ನೋದು ನಿಜ. ಆದರೆ ನಮ್ಮ ಬೋರಿನ ಗಡಸು ನೀರಲ್ಲಿ ಅಷ್ಟು ಸುಲಭಕ್ಕೆ ಇಳಿಯೋದಿಲ್ಲ.

ಕುದಿಸಿದ್ದಾದ ಮೇಲೆ ಡ್ರಮ್ಮಿನಲ್ಲಿ ನೆನೆಹಾಕಿ, ಮೇಲೆ ಕಲ್ಲಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಡ್ರಮ್ಮಿಗೆ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಸುಮ್ನೆ ಡೆಂಗಿ ಸೊಳ್ಳೆ ಸಾಕಿದಂತೆ. ನನ್ನ ಬುಡ ಮುಳುಗೋಕೆ ಮೂರು ವಾರ ಹಿಡಿಯಿತು. ಕಲ್ಲು ತೆಗೆದು ನೋಡಿ: ಮೇಲೆ ಬಂದರೆ ಇನ್ನೂ ನೆನೆಯಬೇಕು. ಅವಸರ ಇದ್ದವರು ಚಪ್ಪಟೆ ಕಲ್ಲಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹೊಡೆದು ಕೂರಿಸಬಹುದು, ಗಾಳದ ದಾರದಲ್ಲಿ ಕಟ್ಟಿದರೂ ಆದೀತು. ಕಡಪ ಕಲ್ಲು ಬೇಡ, ಅದು ಸುಣ್ಣದ ಕಲ್ಲು, ನೀರನ್ನು ಇನ್ನೂ ಗಡಸು ಮಾಡುತ್ತದೆ. ಗ್ರಾನೈಟ್ ಚೂರು ಸಾಕು. ದುರ್ಗದವರಿಗೆ ಬಂಡೆ ಹುಡುಕೋದು ಹೇಳಿಕೊಡಬೇಕೇ?

ತೊಟ್ಟಿಗೆ ಇಳಿಸಿದ ವಾರದೊಳಗೆ ಮರದ ಮೇಲೆ ಗಂಜಿಯಂಥ ಬಿಳಿ ಲೋಳೆ ಬರಬಹುದು. ನೋಡೋಕೆ ಅಸಹ್ಯ, ಆದರೆ ಅಪಾಯವಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ನೀರು ಸ್ವಲ್ಪ ಬದಲಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಮರ ಒಳಗೇ ಕೊಳೆಯುತ್ತಿದೆ ಅಂತ ಅರ್ಥ, ಕೂಡಲೇ ಹೊರಗೆ ತೆಗೆಯಿರಿ. ನಮ್ಮ ತೊಟ್ಟಿಯಲ್ಲಿ ಆ ಲೋಳೆಯನ್ನು ಹೊಸದಾಗಿ ತಂದ ಬಸವನಹುಳುಗಳೇ ಮೇಯ್ದು ಮುಗಿಸಿದವು.